ಮಾರ್ಕೆಟ್ಟಿನ ಮೋರಿಯಿಂದ ಕೆಲವರಪಳ್ಳಿ ಕಾಲುವೆವರೆಗೆ

ನಾವು ಹೊಸೂರು ಸೀಮೆಯವರು ಬೆಂಗಳೂರಿಗೆ ಸೊಪ್ಪು, ಹೂವು, ಟೊಮೇಟೊ ಕಳಿಸುತ್ತೇವೆ. ಬೆಂಗಳೂರು ನಮಗೆ ನೀರು ಕಳಿಸುತ್ತದೆ. ಸೊಪ್ಪಿಗೆ ಚೀಟಿ ಇದೆ, ಹೂವಿಗೆ ತೂಕ ಇದೆ, ಟೊಮೇಟೊ ಬಾಕ್ಸಿಗೆ ಲೆಕ್ಕ ಇದೆ. ಅಲ್ಲಿಂದ ಬರುವ ನೀರಿಗೆ ಮಾತ್ರ ಚೀಟಿಯೂ ಇಲ್ಲ, ಲೆಕ್ಕವೂ ಇಲ್ಲ. ಆ ಲೆಕ್ಕ ಬರೆಯುವ ಕೆಲಸವನ್ನು ಒಂದು ದಿನ ಹತ್ತಿರದಿಂದ ನೋಡುವ ಸಂದರ್ಭ ನನಗೆ ಒದಗಿತು. ಗಡಿಯ ಈಚೆಗಿರುವ ನಮ್ಮಂಥ ಬೇಸಾಯಗಾರರಿಗೆ ಅದರಲ್ಲಿ ಏನಿದೆ ಎಂಬುದನ್ನು ಹೇಳಲು ಈ ನಾಲ್ಕು ಮಾತು.

ನನ್ನದು ಕೆಲವರಪಳ್ಳಿ ಅಣೆಕಟ್ಟೆಯ ಎಡಗಾಲುವೆ ಬದಿಯ ಮೂರೂಕಾಲು ಎಕರೆ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಕೊತ್ತಂಬರಿ, ಪುದೀನ, ಒಂದಿಷ್ಟು ಗುಲಾಬಿ ಬೆಳೆಯುತ್ತೇನೆ. ವಾರಕ್ಕೆ ಎರಡು ರಾತ್ರಿ ಟೆಂಪೊ ಹತ್ತಿ ಬೆಂಗಳೂರಿನ ಸಿಟಿ ಮಾರ್ಕೆಟ್ಟಿಗೆ ಹೋಗುವುದು. ಬೆಳಗಿನ ಜಾವ ಮೂರಕ್ಕೆ ಮೂಟೆ ಇಳಿಸಿ, ವ್ಯಾಪಾರ ಮುಗಿದ ಮೇಲೆ ಉಳಿದ ಬಾಡು ಕಂತೆಗಳನ್ನು ಪಕ್ಕದ ಮೋರಿಗೆ ಎಸೆದು, ಒಂದು ಕಾಫಿ ಕುಡಿದು ವಾಪಸು ಬರುವುದು ಇಪ್ಪತ್ತು ವರ್ಷದ ವಾಡಿಕೆ. ಆ ಮೋರಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿದವನಲ್ಲ.

ಯೋಚನೆ ಹತ್ತಿಸಿದವನು ನನ್ನ ತಂಗಿಯ ಮಗ. ಸರ್ವೆ ಕಲಿತು, ಬೆಂಗಳೂರಿನಲ್ಲಿ ಮಳೆನೀರು ಕಾಲುವೆಗಳನ್ನು ಅಳೆಯುವ ಒಂದು ತಂಡದಲ್ಲಿ ಕೆಲಸಕ್ಕಿದ್ದಾನೆ. ಊರಹಬ್ಬಕ್ಕೆ ಬಂದಿದ್ದಾಗ ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಒಂದು ನಕ್ಷೆ ತೆಗೆದ.

“ಮಾವ, ನಿಮ್ಮ ಮಾರ್ಕೆಟ್ ಮೋರಿ ನೀರು ಹೋಗೋ ಕಾಲುವೆಗೆ ಒಂದು ನಂಬರಿದೆ, ಗೊತ್ತಾ? ಕೆ-100.”

“ಮೋರಿಗೂ ನಂಬರಾ? ಬಸ್ಸಿಗಿದ್ದಂಗೆ?”

“ಹೂಂ, ಬಸ್ಸಿಗಿದ್ದಂಗೇ. ರೂಟೂ ಇದೆ. ಕೊನೇ ಸ್ಟಾಪು ಎಲ್ಲಿ ಹೇಳಿ ನೋಡೋಣ?”

ನಾನು ಸುಮ್ಮನಾದೆ. ಅವನು ಬೆರಳಿನಲ್ಲಿ ಗೀಟು ಎಳೆದು ತೋರಿಸಿದ. ಮೆಜೆಸ್ಟಿಕ್, ಮಾರ್ಕೆಟ್, ಶಾಂತಿನಗರ, ಕೋರಮಂಗಲ, ಬೆಳ್ಳಂದೂರು ಕೆರೆ. ಕೆ-100 ಅಲ್ಲಿಗೆ ಮುಗಿಯಿತು. ಉದ್ದ ಸುಮಾರು ಹತ್ತು ಕಿಲೋಮೀಟರು. ಬೆರಳು ಮಾತ್ರ ನಿಲ್ಲಲಿಲ್ಲ. ಬೆಳ್ಳಂದೂರಿನಿಂದ ವರ್ತೂರು ಕೆರೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿ, ಗಡಿ ದಾಟಿ ಕೊಡಿಯಾಳಂ, ಅಲ್ಲಿಂದ ಕೆಲವರಪಳ್ಳಿ, ನಮ್ಮ ಎಡಗಾಲುವೆ.

“ಕೊನೇ ಸ್ಟಾಪು ನಿಮ್ಮ ಕೊತ್ತಂಬರಿ ಮಡಿ, ಮಾವ” ಅಂದ.

ನಾನು ಮೋರಿಗೆ ಎಸೆದ ಕಂತೆ ನೆನಪಾಗಿ ನಗು ಬಂತು. ಆಮೇಲೆ ನಗು ಬರಲಿಲ್ಲ.

ದಿಬ್ಬದ ಮೇಲಿನ ಊರು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಒಂದು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಊರೊಳಗೆ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಎರಡು ದಿಕ್ಕಿಗೆ ಇಳಿಯುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಇಳಿದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆ ಮೇಲೆ ಹಾದು ಬರುವ ಈ ನದಿಯನ್ನೇ ನಮ್ಮ ಕಡೆ ತೆನ್‌ಪೆಣ್ಣೈ ಅನ್ನುತ್ತಾರೆ. ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟೆಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರಕ್ಕೆ ಬೀಳುವುದು ಇದೇ.

ನದಿ ಇಲ್ಲದ ಊರಿನಲ್ಲಿ ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೆರೆಯಿಂದ ಕೆರೆಗೆ ನೀರು ಒಯ್ಯುವ ದೊಡ್ಡ ಕಾಲುವೆಯೇ ರಾಜಕಾಲುವೆ. ಅಂದರೆ ಅದು ಚರಂಡಿಯಾಗಿ ಹುಟ್ಟಿದ್ದಲ್ಲ. ನಮ್ಮ ತೋಟಕ್ಕೆ ನೀರು ಬಿಡುವ ಕಾಲುವೆಯಂತೆ ಅದೂ ಒಳ್ಳೆ ನೀರಿನ ದಾರಿಯೇ.

ಕಾಲ ಕಳೆದಂತೆ ಕೆರೆಗಳು ಹೋದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು ಬಂತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಕೆರೆ ಹೋದರೂ ನೀರಿಗೆ ಇಳಿಜಾರು ಹೋಗಲಿಲ್ಲವಲ್ಲ. ಅದು ಹಳೆಯ ದಾರಿಯನ್ನೇ ಹಿಡಿಯಿತು. ಧರ್ಮಾಂಬುಧಿಯ ಕಡೆಯಿಂದ ಇಳಿಯುವ ಆ ಹಳೆಯ ದಾರಿಯೇ ಕೆ-100. ‘ಕೆ’ ಎಂದರೆ ಕೋರಮಂಗಲ ಕಣಿವೆ.

ಪಟ್ಟಿ ಇಲ್ಲದ ಆಸ್ತಿ

ಬೆಂಗಳೂರಿನ ಮಳೆನೀರು ನಿರ್ವಹಣೆಯನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿ 2021ರಲ್ಲಿ ವಿಧಾನಮಂಡಲದ ಮುಂದೆ ಬಂತು. ಆಗ ಊರನ್ನು ನೋಡಿಕೊಳ್ಳುತ್ತಿದ್ದುದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. (2025ರಲ್ಲಿ ಅದು ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ.) ಪಾಲಿಕೆಯ ಲೆಕ್ಕದಲ್ಲಿದ್ದ ದೊಡ್ಡ ಮತ್ತು ಎರಡನೇ ದರ್ಜೆಯ ಕಾಲುವೆಗಳ ಉದ್ದ ಸುಮಾರು 842 ಕಿಲೋಮೀಟರು. ಆದರೆ ಎಲ್ಲ ಕಾಲುವೆಗಳ ಪೂರ್ತಿ ಪಟ್ಟಿ ಪಾಲಿಕೆಯ ಹತ್ತಿರ ಇರಲಿಲ್ಲ ಎಂದು ವರದಿ ಹೇಳಿತು. ರಸ್ತೆಬದಿಯ ಸಣ್ಣ ಚರಂಡಿಗಳು, ಅವು ಯಾವ ದೊಡ್ಡ ಕಾಲುವೆಗೆ ಎಲ್ಲಿ ಸೇರುತ್ತವೆ ಎಂಬುದರ ಲೆಕ್ಕವಂತೂ ಇನ್ನೂ ಕಡಿಮೆ.

ಅದೇ ವರದಿಯ ಇನ್ನೊಂದು ಅಂಕಿ ನಮ್ಮ ಕಣಿವೆಯದು. ಕೋರಮಂಗಲ ಕಣಿವೆಯಲ್ಲಿ 1900ರ ಆಸುಪಾಸಿನಲ್ಲಿ 113 ಕಿಲೋಮೀಟರು ಇದ್ದ ಕಾಲುವೆಯ ಉದ್ದ 2016-17ರ ಹೊತ್ತಿಗೆ 63 ಕಿಲೋಮೀಟರಿಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 111. ಅರ್ಧಕ್ಕರ್ಧ ಕಾಲುವೆ ಎಲ್ಲಿ ಹೋಯಿತು? ಯಾರೂ ಗಾಡಿಗೆ ಹೇರಿಕೊಂಡು ಹೋಗಲಿಲ್ಲ. ಒಬ್ಬ ಕಾಂಪೌಂಡನ್ನು ಒಂದು ಮಾರು ಆಚೆಗೆ ಹಾಕಿದ, ಇನ್ನೊಬ್ಬ ಮೇಲೆ ಚಪ್ಪಡಿ ಹಾಸಿ ದಾರಿ ಮಾಡಿದ, ಮತ್ತೊಬ್ಬ ಬಡಾವಣೆಯ ನಕ್ಷೆಯಲ್ಲಿ ಗೀಟನ್ನೇ ಬಿಟ್ಟುಬಿಟ್ಟ. ಪಟ್ಟಿಯಲ್ಲಿಲ್ಲದ ಆಸ್ತಿ ಕರಗುವುದು ಹೀಗೆ. ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ ಎಂದು ಗೊತ್ತಿಲ್ಲದ ಯಜಮಾನನಿಗೆ ಒಂದು ಕರು ಕಳೆದದ್ದು ಹೇಗೆ ತಿಳಿದೀತು?

ಫಲ 2022ರ ಸೆಪ್ಟೆಂಬರಿನಲ್ಲಿ ಕಂಡಿತು. 4ನೇ ತಾರೀಕಿನ ರಾತ್ರಿ ನಗರದಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಳ್ಳಂದೂರು, ಮಹದೇವಪುರದ ಕಡೆ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಆ ವಾರ ನಾನೂ ನೀರು ನಿಂತ ರಸ್ತೆಯಲ್ಲಿ ನಾಲ್ಕು ಗಂಟೆ ಸಿಕ್ಕಿಬಿದ್ದೆ. ಪುದೀನ ಕಪ್ಪಾಗಿ ಕೇಳುವವರಿಲ್ಲದೆ ಹೋಯಿತು.

ಇದರ ಲೆಕ್ಕ ಬೇಸಾಯಗಾರರಿಗೆ ಕಷ್ಟದ್ದೇನಲ್ಲ. ಒಂದು ಎಕರೆ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಸುಮಾರು ಎರಡು ಲಕ್ಷ ಲೀಟರು ನೀರು. ಅದು ಉತ್ತ ಹೊಲವಾದರೆ ಬಹುಪಾಲು ನೆಲ ಕುಡಿಯುತ್ತದೆ. ಉಳಿದದ್ದು ಬದುವಿನ ಮೇಲೆ ನಿಧಾನವಾಗಿ ಇಳಿಯುತ್ತದೆ. ಅದೇ ಎಕರೆಯ ಮೇಲೆ ತಾರಸಿ, ಟಾರು, ಸಿಮೆಂಟು ಬಂದರೆ ಹೆಚ್ಚುಕಡಿಮೆ ಪೂರ್ತಿ ನೀರು ಒಂದೇ ಏಟಿಗೆ ಓಡುತ್ತದೆ. ಹೀಗೆ ಓಡುವ ನೀರು ಹೆಚ್ಚಿತು, ಓಡುವ ದಾರಿ ಅರ್ಧವಾಯಿತು. ಇನ್ನೇನಾದೀತು?

ಕಡ್ಡಿ ಹಿಡಿದ ಒಂದು ದಿನ

“ಒಂದು ದಿನ ಬನ್ನಿ ಮಾವ, ಕಡ್ಡಿ ಹಿಡಿಯೋಕೆ ಒಬ್ರು ಕಮ್ಮಿ ಇದಾರೆ” ಎಂದು ಅಳಿಯ ಕರೆದ. ಮಾರ್ಕೆಟ್ ಕೆಲಸ ಮುಗಿಸಿ ಹೋದೆ. ಸರ್ಜಾಪುರ ರಸ್ತೆಯ ಕಡೆಯ ಒಂದು ಹಳ್ಳಿ. ಈಗ ಹಳ್ಳಿ ಅನ್ನುವುದಕ್ಕೆ ಉಳಿದಿರುವುದು ದೇವಸ್ಥಾನ, ಅರಳಿಕಟ್ಟೆ, ಅರ್ಧ ಕೆರೆ.

ಒಬ್ಬ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟು ಕಣ್ಣು ಹಾಕುತ್ತಾನೆ. ಇನ್ನೊಬ್ಬ ಕನ್ನಡಿ ಕಟ್ಟಿದ ಕಡ್ಡಿ ಹಿಡಿದು ಕಾಲುವೆಯ ದಡದಲ್ಲಿ, ತಳದಲ್ಲಿ, ಆಚೆ ದಡದಲ್ಲಿ ನಿಲ್ಲುತ್ತಾನೆ. ಮತ್ತೊಬ್ಬ ಬರೆದುಕೊಳ್ಳುತ್ತಾನೆ. ಮೂವತ್ತು ಮೀಟರು ಮುಂದೆ ಹೋಗಿ ಮತ್ತೆ ಇದೇ. ಮೊಣಕಾಲುದ್ದದ ಗಬ್ಬು ನೀರಿನಲ್ಲಿ ಬೂಟು ಹಾಕಿಕೊಂಡು ಮಾಡುವ ಕೆಲಸ. ಕೂಲಿ ಕೆಲಸಕ್ಕಿಂತ ಹಗುರ ಎಂದು ಯಾರೂ ತಿಳಿಯಬೇಡಿ.

ಬರೆದುಕೊಳ್ಳುವುದು ಏನನ್ನು? ಕಾಲುವೆಯ ನಂಬರು, ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಮೇಲಗಲ, ತಳದ ಅಗಲ, ಆಳ, ತಳದ ಮಟ್ಟ, ಗೋಡೆ ಕಲ್ಲಿನದೋ, ಕಾಂಕ್ರೀಟಿನದೋ, ಬರೀ ಮಣ್ಣೋ, ಹೂಳು ಎಷ್ಟು, ಅಡ್ಡಡ್ಡ ಹಾದ ನೀರಿನ ಪೈಪು, ಕೇಬಲ್ಲು ಯಾವುವು, ಯಾವ ಸರ್ವೆ ನಂಬರಿನಲ್ಲಿ ಹಾದಿದೆ, ಎಲ್ಲೆಲ್ಲಿ ಕಕ್ಕಸಿನ ನೀರಿನ ಪೈಪು ಬಂದು ಬಾಯಿ ಬಿಟ್ಟಿದೆ. ಪ್ರತಿಯೊಂದಕ್ಕೂ ಫೋಟೋ. ಇಷ್ಟೂ ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ ಕೂತರೆ ಅದು ಕಾಲುವೆಯ ಜಾತಕ.

ಈ ಪೈಕಿ ತಳದ ಮಟ್ಟವೇ ಮುಖ್ಯ ಎಂದು ನನಗೆ ಅಲ್ಲಿ ಅರ್ಥವಾಯಿತು. ನಾಲ್ಕು ಮೀಟರು ಅಗಲ, ಒಂದೂವರೆ ಮೀಟರು ಆಳದ ಕಾಲುವೆ ಬಂದು ಒಂದು ರಸ್ತೆಯ ಮೋರಿಗೆ ಸೇರುತ್ತದೆ. ಮೋರಿಯಲ್ಲಿ 900 ಮಿಲಿಮೀಟರಿನ ಎರಡು ಸಿಮೆಂಟ್ ಪೈಪು. ಅಳಿಯ ಲೆಕ್ಕ ಹಾಕಿ ತೋರಿಸಿದ: ಕಾಲುವೆಯ ಬಾಯಿ ಆರು ಚದರ ಮೀಟರು, ಎರಡು ಪೈಪಿನ ಬಾಯಿ ಸೇರಿ ಒಂದೂಕಾಲು. ಸಾಲದ್ದಕ್ಕೆ ಪೈಪಿನ ತಳ ಕಾಲುವೆಯ ತಳಕ್ಕಿಂತ 45 ಸೆಂಟಿಮೀಟರು ಎತ್ತರ. ನೀರು ಒಂದೂವರೆ ಅಡಿ ನಿಂತ ಮೇಲೆಯೇ ಮುಂದಕ್ಕೆ ಹರಿಯಬೇಕು. ಅಷ್ಟರಲ್ಲಿ ಹೂಳು ಕೂರುತ್ತದೆ.

“ಹೂಳೆತ್ತಿದ ಬಿಲ್ಲು ವರ್ಷಾ ವರ್ಷಾ ಆಗುತ್ತೆ ಮಾವ. ಹೂಳು ಯಾಕೆ ಇಲ್ಲೇ ಕೂರುತ್ತೆ ಅಂತ ಮಟ್ಟ ಹಿಡಿದು ನೋಡಿದ್ದು ಇವತ್ತೇ ಇರಬೇಕು” ಅಂದ.

ನಮ್ಮ ಕಡೆ ಮಡಿಗೆ ನೀರು ಕಟ್ಟುವ ಹುಡುಗನಿಗೂ ಈ ವಿಷಯ ಗೊತ್ತು. ಬದು ಎತ್ತರವಾದರೆ ನೀರು ಏರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಲುವೆ ಕಾಣೆಯಾಯಿತು. ಕೆರೆಯ ಕೋಡಿಯಿಂದ ಬಂದ ದಾರಿ ಒಂದು ಬಡಾವಣೆಯ ಗೋಡೆಗೆ ಬಂದು, ಬಲಕ್ಕೆ ಕೈಮುರಿದಂತೆ ತಿರುಗಿ, ಮೂರಡಿಯ ರಸ್ತೆಬದಿ ಚರಂಡಿಯಾಯಿತು. ಅಳಿಯ ಹಳೆಯ ಗ್ರಾಮನಕ್ಷೆಯ ಪ್ರತಿ ಬಿಚ್ಚಿದ. ಅದರಲ್ಲಿ ಎರಡು ಸಮಗೀಟು ನೇರವಾಗಿ ಗೋಡೆಯ ಒಳಕ್ಕೇ ಹೋಗುತ್ತಿದ್ದವು.

ಅರಳಿಕಟ್ಟೆಯಿಂದ ಒಬ್ಬ ಅಜ್ಜ ಎದ್ದು ಬಂದರು. “ಏನು ಹುಡುಕ್ತಾ ಇದೀರಪ್ಪ?”

“ಕಾಲುವೆ, ತಾತ.”

“ನಮ್ಮಪ್ಪ ಈ ಕೆರೆ ನೀರುಗಂಟಿ. ತೂಬು ಎತ್ತೋದು, ಇಳಿಸೋದು ಅವರದೇ. ಬನ್ನಿ” ಎಂದು ಮುಂದೆ ನಡೆದರು. ಕೋಲಿನಿಂದ ತೋರಿಸುತ್ತಾ ಹೋದರು: ಇಗೋ ಈ ಗೇಟು, ಆ ಕಾರು ನಿಂತಿರೋ ಜಾಗ, ಆ ಹಳದಿ ಮನೆ, ಅದರ ಹಿಂದಿನ ಪಾರ್ಕು. ಹಳದಿ ಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ನೀರಿನ ಕರೆ ಇನ್ನೂ ಇತ್ತು. “ಕಟ್ಟುವಾಗಲೇ ಹೇಳಿದ್ದೆ ಕಣಪ್ಪಾ, ಇದು ನೀರಿನ ದಾರಿ ಅಂತ. ಮುದುಕನ ಮಾತು ಯಾರು ಕೇಳ್ತಾರೆ?”

ನಕ್ಷೆಯ ಗೀಟೂ, ಅಜ್ಜನ ಕೋಲೂ, ಗೋಡೆಯ ಕರೆಯೂ ಒಂದೇ ಸಾಲಿನಲ್ಲಿ ಬಂದವು. ಅಳಿಯ ಅಜ್ಜನ ಮಾತನ್ನೂ ಬರೆದುಕೊಂಡ.

ಆಗ ಹಳದಿ ಮನೆಯ ಹೆಣ್ಣುಮಗಳು ಹೊರಗೆ ಬಂದರು. ಕೈಯಲ್ಲಿ ಮಗು. “ಅಳೀತಾ ಇದೀರಲ್ಲ, ಮನೆ ಒಡೆಯೋಕಾ?” ಎಂದು ಕೇಳಿದರು. ಬ್ಯಾಂಕಿನ ಸಾಲ ಹದಿನೈದು ವರ್ಷದ್ದಂತೆ. ಖಾತೆ, ಕಂದಾಯದ ರಸೀದಿ, ನೋಂದಣಿ ಎಲ್ಲ ಸರಿಯಾಗೇ ಇದೆಯಂತೆ. ಅಳಿಯ ಬೂಟಿನ ಕಡೆ ನೋಡುತ್ತಾ, “ನಾವು ಅಳೆಯೋರು ಅಷ್ಟೇ ಅಮ್ಮಾ” ಅಂದ. ಆ ಮಾತಿನಿಂದ ಆಕೆಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ವಾಪಸು ಬರುವಾಗ ಅದೇ ಯೋಚನೆ. ಈ ಗೀಟು ಆಕೆ ಸೈಟು ಕೊಳ್ಳುವ ಮೊದಲೇ ಎಲ್ಲರ ಕಣ್ಣಿಗೆ ಬೀಳುವಂಥ ನಕ್ಷೆಯಲ್ಲಿ ಇದ್ದಿದ್ದರೆ ಮಾರುವವನಿಗೆ ಮಾರಲು ಆಗುತ್ತಿರಲಿಲ್ಲ. ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲ. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ ದೊಡ್ಡ ಕಾಲುವೆಯ ಎರಡೂ ಕಡೆ 50 ಮೀಟರು, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರು ಜಾಗ ಬಿಡಬೇಕು ಎಂದು ಬರೆದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಬೇರೆ ಅಳತೆ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಎಷ್ಟು ಮೀಟರು ಎಂಬ ಜಗಳ ಅಷ್ಟು ದೂರ ಹೋಯಿತು. ಆದರೆ ಕಾಲುವೆಯೇ ನಕ್ಷೆಯಲ್ಲಿಲ್ಲದಿದ್ದರೆ ಟೇಪನ್ನು ಎಲ್ಲಿಂದ ಹಿಡಿಯುವುದು?

ನಕ್ಷೆ ನಿಲ್ಲುವ ಜಾಗ

ಅಂದು ಸಂಜೆ ಅಳಿಯನ ಕಂಪ್ಯೂಟರಿನಲ್ಲಿ ಪೂರ್ತಿ ನಕ್ಷೆ ನೋಡಿದೆ. ನೀಲಿ ಗೀಟುಗಳು ಮರದ ಬೇರಿನಂತೆ ಹಬ್ಬಿದ್ದವು. ನಗರದ ಗಡಿ ಬಂದ ಕೂಡಲೇ ಎಲ್ಲ ಗೀಟೂ ಕತ್ತರಿಸಿದಂತೆ ನಿಂತಿದ್ದವು. ಆಚೆಗೆ ಬಿಳಿ ಹಾಳೆ.

“ಇದರ ಮುಂದೆ?” ಅಂದೆ.

“ಇದರ ಮುಂದಿನದು ನಮಗೆ ಕೊಟ್ಟಿಲ್ಲ ಮಾವ.”

ಆ ಬಿಳಿ ಹಾಳೆಯಲ್ಲಿ ಇರುವುದು ನಾವು. ಮುಗಳೂರಿನ ಹತ್ತಿರದ ನದಿ, ಕೊಡಿಯಾಳಂ, ಕೆಲವರಪಳ್ಳಿ, ಅದರ ಎರಡು ಕಾಲುವೆ ನಂಬಿದ ಸುಮಾರು 8,000 ಎಕರೆ. ಬೆಂಗಳೂರಿನಲ್ಲಿ ದೊಡ್ಡ ಮಳೆಯಾದರೆ ಒಂದೆರಡು ದಿನದಲ್ಲಿ ನಮಗೆ ಸುದ್ದಿ ತಿಳಿಯುವುದು ರೇಡಿಯೋದಿಂದಲ್ಲ, ನೊರೆಯಿಂದ. ಬಟ್ಟೆ ಸೋಪಿನ ಪುಡಿ, ಕಾರ್ಖಾನೆಯ ಕೊಳೆ, ಶುದ್ಧಿಯಾಗದ ಕಕ್ಕಸಿನ ನೀರು ಎಲ್ಲ ಕೆರೆಯ ತಳದಲ್ಲಿ ಕೂತಿರುತ್ತದೆ. ಹೊಸ ನೀರು ನುಗ್ಗಿ ಕದಡಿ, ಅಣೆಕಟ್ಟೆಯ ಷಟರಿನಿಂದ ಕೆಳಕ್ಕೆ ಧುಮುಕಿದಾಗ ನೊರೆ ಏಳುತ್ತದೆ. 2015ರಿಂದ ಬೆಳ್ಳಂದೂರು, ವರ್ತೂರಿನ ನೊರೆಯನ್ನು ಇಡೀ ದೇಶ ನೋಡಿತು. ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತ್ತು. ಅದೇ ನೊರೆ ನಮ್ಮ ಕಡೆ ರಸ್ತೆ ಮುಚ್ಚಿದ ದಿನಗಳೂ ಇವೆ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಆ ಕಣಿವೆಯ ಕೊಳೆನೀರನ್ನು ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ-100ರಲ್ಲಿ ಸೇರುತ್ತಿದ್ದ ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಿ ಕಾಲುವೆಯನ್ನು ಸರಿಮಾಡುವ ಕೆಲಸವನ್ನೂ ಕೈಗೆತ್ತಿಕೊಂಡರು. 2020ರಲ್ಲಿ ನಗರದವರಿಗೆ ಮಳೆ, ನೆರೆಯ ಮುನ್ಸೂಚನೆ ಕೊಡುವ ‘ಮೇಘ ಸಂದೇಶ’ ಎಂಬ ಆ್ಯಪ್ ಬಂತು. ಕಾಲುವೆಗಳಲ್ಲಿ ನೀರಿನ ಮಟ್ಟ ತಿಳಿಸುವ ಉಪಕರಣಗಳನ್ನು ಕೂರಿಸಿದರು. ಇವೆಲ್ಲ ಒಳ್ಳೆಯ ಕೆಲಸವೇ.

ನನ್ನ ಮಾತು ಇಷ್ಟೇ. ಈ ಪಟ್ಟಿಯ ಎರಡು ಕಾಲಮ್ಮು ನಮಗೂ ಬೇಕು. ಒಂದು, ಕೊಳೆನೀರಿನ ಪೈಪು ಎಲ್ಲೆಲ್ಲಿ ಬಾಯಿ ಬಿಟ್ಟಿದೆ ಎಂಬುದು. ಅದನ್ನು ಒಂದೊಂದಾಗಿ ಮುಚ್ಚಿದರೆ ಮಾತ್ರ ನಮ್ಮ ಕಡೆ ನೊರೆ ಇಳಿಯುವುದು. ಇನ್ನೊಂದು, ಮೇಲೆ ಎಷ್ಟು ನೀರು ಏರಿದೆ ಎಂಬುದು. ಅದು ಹೊತ್ತಿಗೆ ಸರಿಯಾಗಿ ತಿಳಿದರೆ ನಾವು ನದಿದಡದ ಮೋಟರು ಎತ್ತಿಡಬಹುದು, ಆ ದಿನ ಮಡಿಗೆ ನೀರು ಕಟ್ಟದೆ ಇರಬಹುದು. ಕೊತ್ತಂಬರಿ ಮೂರು ದಿನ ತಡೆಯುತ್ತದೆ. ಕೆಟ್ಟ ನೀರು ಕುಡಿದರೆ ತಡೆಯುವುದಿಲ್ಲ. ಆಮೇಲೆ ಅದೇ ಕೊತ್ತಂಬರಿ ಬೆಂಗಳೂರಿನವರ ತಟ್ಟೆಗೇ ಹೋಗಬೇಕಲ್ಲ. ಹಾಗಾಗಿ ಇದು ಕನ್ನಡದವರು, ತಮಿಳಿನವರು ಎಂಬ ತಕರಾರಲ್ಲ. ಕೊಂಡವನೂ ಮಾರಿದವನೂ ಒಂದೇ ಕಾಲುವೆಯ ಎರಡು ತುದಿಯಲ್ಲಿದ್ದಾರೆ.

ಖರಾಬು, ಪೊರಂಬೋಕು

ಊರಿಗೆ ಬಂದು ನಾಲ್ಕು ಜನರ ಮುಂದೆ ಈ ಕಥೆ ಹೇಳಿದೆ. ಬೆಂಗಳೂರಿನವರು ಕಾಲುವೆ ನುಂಗಿದರು ಎಂದು ಎಲ್ಲರೂ ಚೆನ್ನಾಗಿಯೇ ಬೈದರು. ನಾನೂ ಬೈದೆ.

ಕರ್ನಾಟಕದ ಪಹಣಿಯಲ್ಲಿ ಹಳ್ಳ, ಕಾಲುವೆ, ದಾರಿಯ ಜಾಗವನ್ನು ‘ಬಿ ಖರಾಬು’ ಎಂದು ಬರೆಯುತ್ತಾರೆ. ನಮ್ಮ ತಮಿಳುನಾಡಿನ ದಾಖಲೆಯಲ್ಲಿ ಅದು ‘ಓಡೈ ಪೊರಂಬೋಕು’. ಎರಡೂ ಊರೊಟ್ಟಿಗೆ ಸೇರಿದ ಜಾಗ ಎಂದೇ ಅರ್ಥ. ಆದರೆ ಮಾತಿನಲ್ಲಿ ಎರಡೂ ಬೈಗುಳವಾಗಿ ಹೋದವು. ಕೆಟ್ಟದ್ದಕ್ಕೆ ಖರಾಬು ಅನ್ನುತ್ತೇವೆ; ಕೆಲಸಕ್ಕೆ ಬಾರದವನಿಗೆ ಪೊರಂಬೋಕು ಅನ್ನುತ್ತೇವೆ. ಯಾರದೂ ಅಲ್ಲದ ಜಾಗ ಕೆಲಸಕ್ಕೆ ಬಾರದ್ದು ಎಂಬ ಎಣಿಕೆ ನಾಲಿಗೆಯಲ್ಲೇ ಕೂತಿದೆ.

ಆ ರಾತ್ರಿ ಅಳಿಯ ಕಲಿಸಿದಂತೆ ಮಗಳ ಮೊಬೈಲಿನಲ್ಲಿ ನನ್ನ ಜಮೀನಿನ ಎಫ್‌ಎಂಬಿ ನಕ್ಷೆ ತೆಗೆಸಿ ನೋಡಿದೆ. ಪಟ್ಟಾದಲ್ಲಿ ನನ್ನ ಹೆಸರು ನೋಡಿದ್ದುಂಟು, ನಕ್ಷೆ ನೋಡಿದ್ದಿಲ್ಲ. ಪೂರ್ವದ ಬದುವಿನ ಪಕ್ಕ ಓಡೈ ಗೀಟು ಇತ್ತು. ಬೆಳಿಗ್ಗೆ ಟೇಪು ಹಿಡಿದು ಹೋದೆ. ನಮ್ಮಪ್ಪನ ಕಾಲದಲ್ಲೋ ನನ್ನ ಕಾಲದಲ್ಲೋ ನೇಗಿಲು ವರ್ಷಕ್ಕೆ ಒಂದು ಗೇಣು ಆಚೆಗೆ ಹೋಗಿದೆ. ನಕ್ಷೆಯಲ್ಲಿ ಆರು ಮೀಟರು ಇರಬೇಕಾದ ಓಡೈ ನನ್ನ ಹೊಲದ ಪಕ್ಕ ಎರಡೂವರೆ ಮೀಟರು ಉಳಿದಿದೆ. ನನ್ನ ಗೊಬ್ಬರದ ಗುಂಡಿ, ಪಂಪ್‌ಸೆಟ್ಟಿನ ಶೆಡ್ಡಿನ ಅರ್ಧ ಅದರೊಳಗೆ. ಮಳೆಗಾಲದಲ್ಲಿ ಕೆಳಗಿನ ಹೊಲದವನು “ಅಣ್ಣಾ, ನಿಮ್ಮ ಕಡೆ ನೀರು ನನ್ನ ಬದು ಒಡೀತದೆ” ಅಂದಾಗಲೆಲ್ಲ ನಾನು ಮಳೆಯನ್ನು ಬೈದಿದ್ದೆ.

ಹೆಂಡತಿಗೆ ಹೇಳಿದೆ. “ಹಂಗಾದ್ರೆ ಬೆಂಗಳೂರಿನವರ ಮನೆ ನೋಡಿ ಬಂದಿದ್ದು ಒಳ್ಳೇದೇ ಆಯ್ತು ಬಿಡಿ” ಎಂದಳು. ಮುಂದಕ್ಕೆ ಮಾತು ಬೆಳೆಸಲಿಲ್ಲ.

ಹಳದಿ ಮನೆಯ ಆ ತಾಯಿಗೆ ಗೊತ್ತಿಲ್ಲದೆ ಆಗಿತ್ತು. ನನಗೆ ಗೊತ್ತಾದ ಮೇಲೂ ಸುಮ್ಮನಿದ್ದರೆ ನನ್ನದು ಬೇರೆ ಲೆಕ್ಕ. ಶೆಡ್ಡಿನ ಶೀಟು ಬಿಚ್ಚಿ ಪಶ್ಚಿಮಕ್ಕೆ ಹಾಕಿಸಿದೆ. ಗುಂಡಿ ಬೇರೆ ಕಡೆ ತೋಡಿಸಿದೆ. ಜೆಸಿಬಿ ತರಿಸಿ ಒಂದು ದಿನದಲ್ಲಿ ಓಡೈಯ ಅಗಲ ಬಿಡಿಸಿದೆ. ಗುಲಾಬಿಯ ಎರಡು ಸಾಲು ಹೋಯಿತು. ನಷ್ಟವೇ, ಇಲ್ಲ ಅನ್ನುವುದಿಲ್ಲ. ಮುಂದಿನ ಮಳೆಗೆ ಕೆಳಗಿನ ಹೊಲದವನ ಬದು ಒಡೆಯಲಿಲ್ಲ. ನನ್ನ ಬಾವಿಯ ಪಕ್ಕ ನಿಲ್ಲುತ್ತಿದ್ದ ನೀರೂ ನಿಲ್ಲಲಿಲ್ಲ.

ಹೊಸೂರಿಗೂ ಹೊತ್ತು ಬಂದಿದೆ

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಬಾಗಲೂರು ರಸ್ತೆಯಲ್ಲಿ, ತಳಿ ರಸ್ತೆಯಲ್ಲಿ ಹೊಲಗಳು ಸೈಟಾಗುತ್ತಿವೆ. ಬೆಂಗಳೂರು ಐವತ್ತು ವರ್ಷದಲ್ಲಿ ಮಾಡಿದ ತಪ್ಪನ್ನು ನಾವು ಹತ್ತು ವರ್ಷದಲ್ಲಿ ಮಾಡಿ ಮುಗಿಸುವ ಲಕ್ಷಣ ಕಾಣುತ್ತಿದೆ. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕುವುದಕ್ಕಿಂತ ಈಗಲೇ ಪಟ್ಟಿ ಮಾಡುವುದು ಅಗ್ಗ.

ಓದುಗ ಮಿತ್ರರು ಮಾಡಬಹುದಾದ್ದು ಕಷ್ಟದ್ದಲ್ಲ. ತಮಿಳುನಾಡಿನ ಕಡೆಯವರು ನಿಮ್ಮ ಸರ್ವೆ ನಂಬರಿನ ಎಫ್‌ಎಂಬಿ ನಕ್ಷೆ, ಎ-ರಿಜಿಸ್ಟರಿನ ನಕಲನ್ನು ಸರ್ಕಾರದ ಕಂಪ್ಯೂಟರ್ ಸೇವೆಯಲ್ಲಿ ತೆಗೆದು ನೋಡಿ. ಕರ್ನಾಟಕದ ಕಡೆಯವರಿಗೆ ‘ದಿಶಾಂಕ್’ ಎಂಬ ಆ್ಯಪ್ ಇದೆ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗ್ರಾಮನಕ್ಷೆಯ ಪ್ರತಿ ಇಟ್ಟುಕೊಳ್ಳಿ. ಮೊದಲ ಜೋರು ಮಳೆ ಬಿದ್ದ ಮರುದಿನ ಊರಿನ ನಾಲ್ಕು ಜನ ಅದನ್ನು ಹಿಡಿದು ಕೆರೆಯ ಕೋಡಿಯಿಂದ ಹಳ್ಳದವರೆಗೆ ನಡೆಯಿರಿ. ಎಲ್ಲಿ ಗೀಟಿದೆ, ಕಾಲುವೆ ಇಲ್ಲ. ಎಲ್ಲಿ ಮೋರಿ ಸಣ್ಣದು. ಎಲ್ಲಿ ನೀರು ನಿಂತಿದೆ, ಬರೆದುಕೊಳ್ಳಿ. ನೀರುಗಂಟಿ ಮನೆತನದ ಹಿರಿಯರು ಯಾರಾದರೂ ಉಳಿದಿದ್ದರೆ ಅವರನ್ನು ಮುಂದೆ ನಡೆಸಿಕೊಂಡು ಹೋಗಿ. ಅವರ ತಲೆಯಲ್ಲಿರುವ ನಕ್ಷೆಗೆ ನಕಲು ಪ್ರತಿ ಇಲ್ಲ. ಸೈಟು ಕೊಳ್ಳುವವರು ಖಾತೆ, ಪಟ್ಟಾ ನೋಡಿದ ಮೇಲೆ ಈ ನಕ್ಷೆಯನ್ನೂ ನೋಡಿಯೇ ಅಡ್ವಾನ್ಸು ಕೊಡಿ.

ನಾನು ಈಗಲೂ ವಾರಕ್ಕೆ ಎರಡು ರಾತ್ರಿ ಸಿಟಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಉಳಿದ ಬಾಡು ಕಂತೆಯನ್ನು ಗೋಣಿಚೀಲಕ್ಕೆ ತುಂಬಿ ಟೆಂಪೊದಲ್ಲಿ ವಾಪಸು ತರುತ್ತೇನೆ. ಹಸುವಿಗಾಗುತ್ತದೆ, ಆಗದ್ದು ಹೊಸ ಗುಂಡಿಗೆ. ಪಕ್ಕದ ಮಂಡಿಯವನು ನಗುತ್ತಾನೆ: “ಏನ್ ಯಜಮಾನ್ರೆ, ಕಸಾನೂ ಊರಿಗೆ ತಗೊಂಡೋಗ್ತೀರಾ?”

“ಇಲ್ಲಿ ಬಿಟ್ರೂ ನಮ್ಮೂರಿಗೇ ಬತ್ತದೆ ಕಣಪ್ಪಾ” ಅನ್ನುತ್ತೇನೆ.